ಮನೆಮಂದಿಯ ವಿಜ್ಞಾನ: ಹಾಸು ಮೊದಲು, ಹೊಕ್ಕು ಆಮೇಲೆ

ಯಾವದೊಂದು ಹೊಸ ಸಾಧನವು ಹೊಸ್ತಿಲನ್ನು ದಾಟಿ ಒಳಗೆ ಬಂದಾಗ ಮನೆಯವರಲ್ಲಿ ಎರಡು ಪಂಗಡಗಳಾಗುವದು ಹಿಂದಿನಿಂದಲೂ ನಡೆದುಬಂದ ಮಾತು. ಹೊಲಿಗೆಯ ಯಂತ್ರವು ಬಂದಾಗ ಹೀಗೆಯೇ ಆಯಿತು. ರೇಡಿಯೋ ಬಂದಾಗಲೂ ಹೀಗೆಯೇ ಆಯಿತು. ಒಂದು ಪಂಗಡದವರು ಅದನ್ನು ಮುಟ್ಟಿದರೆ ಕೆಟ್ಟೀತೆಂದು ದೂರ ಸರಿಯುವರು. ಮತ್ತೊಂದು ಪಂಗಡದವರು ಅದರಿಂದಾಗದ ಕೆಲಸವೇ ಇಲ್ಲವೆಂದು ಬಗೆದು ಮೊದಲ ದಿನವೇ ಅದನ್ನು ದೊಡ್ಡ ಕೆಲಸಕ್ಕೆ ಹೂಡುವರು. ಸಾಧನದ ಗುಣವನ್ನೂ ಮಿತಿಯನ್ನೂ ತಿಳಿದುಕೊಂಡು ಸಣ್ಣ ಕೆಲಸದಿಂದ ಪ್ರಾರಂಭಿಸುವವರು ಕಡಿಮೆ. ಆದರೆ ಸಾಧನವು ಮನೆಯಲ್ಲಿ ನೆಲೆಗೊಂಡು ಉಪಯೋಗಕ್ಕೆ ಬರುವದು ಅಂಥವರಿಂದಲೇ. ಈಗ ಆ ಸರದಿಯು ಅಂಗೈಯಗಲದ ಒಂದು ವಿದ್ಯುತ್ ಹಲಗೆಗೆ ಬಂದಿರುವದು. ಅದನ್ನು ಮೈಕ್ರೋಕಂಟ್ರೋಲರ್ ಬೋರ್ಡು ಎಂದು ಕರೆಯುವರು. ಕನ್ನಡದಲ್ಲಿ ಸೂಕ್ಷ್ಮನಿಯಂತ್ರಕದ ಹಲಗೆಯೆನ್ನಬಹುದು.

ಧಾರವಾಡ ತಾಲೂಕಿನ ಗರಗದಿಂದ ನಮ್ಮ ವಾಚಕ ಭಗಿನಿಯೊಬ್ಬರು ಈ ವಿಷಯವಾಗಿ ಪತ್ರ ಬರೆದಿರುವರು. ಅವರ ಮಗಳು ಒಂಬತ್ತನೆಯ ಇಯತ್ತೆಯಲ್ಲಿ ಓದುವಳು. ಗೆಳತಿಯೊಬ್ಬಳ ಶಾಲೆಯಲ್ಲಿ ಇಂಥ ಹಲಗೆಗಳನ್ನು ಕಂಡು ಬಂದು, ಹಬ್ಬಕ್ಕೆಂದು ಕೂಡಿಟ್ಟ ಹಣದಲ್ಲಿ ತಾನೂ ಒಂದನ್ನು ತರಿಸಿಕೊಂಡಳಂತೆ. ಮೂರು ದಿನ ಕುಳಿತರೂ ಅದು ಗಣಕಯಂತ್ರದ ಮಾತನ್ನು ಕೇಳಲೊಲ್ಲದು. ಹಣವು ನೀರಿನಲ್ಲಿ ಹೋಯಿತೆಂದು ತಂದೆಯವರ ಅಸಮಾಧಾನ. ಇತ್ತ ಹುಡುಗಿಯ ಕಾಕಾ, ‘ಅದೊಂದು ನಡೆದರೆ ಹೊಲದ ಪಂಪಿಗೇ ಜೋಡಿಸಿಬಿಡೋಣ’ ಎಂದು ಹುರುಪುಗೊಂಡಿರುವರು. ಹುಡುಗಿಯ ಮನಸ್ಸಿನಲ್ಲಿರುವದೂ ಅದೇ. ಮೂರು ಫೇಜಿನ ವಿದ್ಯುತ್ತು ಸರದಿಯಂತೆ ನಡುರಾತ್ರಿಯಲ್ಲಿ ಬಂದಾಗ ಅವಳ ತಂದೆಯು ಬ್ಯಾಟರಿ ಹಿಡಿದುಕೊಂಡು ಕತ್ತಲೆಯಲ್ಲಿ ಹೊಲಕ್ಕೆ ಹೋಗುವರು. ಹಾವು ಹುಳಗಳ ಭಯವುಂಟು. ಅಪ್ಪನು ರಾತ್ರಿ ಹೋಗದ ಹಾಗೆ ಮಾಡಬೇಕೆಂಬ ಹಂಬಲದಿಂದಲೇ ಆಕೆಯು ಆ ಹಲಗೆಯನ್ನು ಕೊಂಡದ್ದೆಂದು ತಾಯಿಯು ತಿಳಿಸಿರುವರು. ‘ಹಲಗೆ ಕೆಟ್ಟದ್ದೋ, ಮಗಳಿಗೆ ಬಾರದೋ? ಇದರಲ್ಲಿ ಅಪಾಯವೆಷ್ಟು? ಪ್ರಯೋಜನವೆಷ್ಟು?’ ಇವು ಅವರ ಪ್ರಶ್ನೆಗಳು. ಇದೇ ಸಂಶಯಗಳು ಇತರ ಮನೆಗಳಲ್ಲಿಯೂ ಇರಬಹುದಾದ್ದರಿಂದ ಈ ಸಲದ ಪುಟವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಹಲಗೆಯೆಂದರೇನು?

ಸೂಕ್ಷ್ಮನಿಯಂತ್ರಕವು ನಮಗೆ ಹೊಸದಲ್ಲ. ಹೆಸರು ಮಾತ್ರ ಹೊಸದು. ಬಟ್ಟೆ ಒಗೆಯುವ ಯಂತ್ರದಲ್ಲಿ, ಇಂಡಕ್ಷನ್ ಒಲೆಯಲ್ಲಿ, ಟಿವಿಯ ರಿಮೋಟಿನಲ್ಲಿ, ಗೋಡೆಗೆ ಹಾಕಿದ ವಿದ್ಯುತ್ ಮೀಟರಿನಲ್ಲಿ ಅದು ಆಗಲೇ ಬಂದು ಕುಳಿತಿರುವದು. ಎಣಿಕೆ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ಸಂಗತಿಯನ್ನು ತಿಳಿದುಕೊಂಡು ಹೊರಗೆ ಅಪ್ಪಣೆ ಕೊಡುವ ಭಾಗ, ಈ ಮೂರೂ ಒಂದೇ ಸಿಲಿಕಾನ್ ಚೂರಿನಲ್ಲಿ ಅಡಕವಾಗಿದ್ದರೆ ಅದು ಸೂಕ್ಷ್ಮನಿಯಂತ್ರಕವೆನಿಸುವದು. ಅಮೇರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು ಟಿಎಂಎಸ್ 1000 ಎಂಬ ಇಂಥ ಚೂರನ್ನು 1974ರಲ್ಲಿ ಪೇಟೆಗೆ ತಂದರು. ಅದೇ ಸಂಸ್ಥೆಯವರು 1985ರಲ್ಲಿ ಬೆಂಗಳೂರಿನಲ್ಲಿ ತಮ್ಮ ವಿನ್ಯಾಸ ಕೇಂದ್ರವನ್ನು ತೆರೆದದ್ದರಿಂದ ನಮ್ಮ ನಾಡಿಗೂ ಈ ವಿದ್ಯೆಗೂ ನಂಟು ಹಳೆಯದಾಗಿರುವದು.

ಬರಿಯ ಚೂರನ್ನು ಮಕ್ಕಳ ಕೈಗೆ ಕೊಟ್ಟರೆ ಅವರು ಅದನ್ನು ಹಿಡಿಯುವದಾದರೂ ಎಲ್ಲಿ? ಅದಕ್ಕೆ ತಕ್ಕ ಒತ್ತಡದ ವಿದ್ಯುತ್ತು ಬೇಕು. ಗಣಕದೊಡನೆ ಮಾತನಾಡಲು ದಾರಿ ಬೇಕು. ತಂತಿಗಳನ್ನು ಸಿಕ್ಕಿಸಲು ಗುರುತುಳ್ಳ ಕಿಂಡಿಗಳು ಬೇಕು. ಇವನ್ನೆಲ್ಲ ಸಿದ್ಧಮಾಡಿ ಚೂರನ್ನು ನಡುವೆ ಕೂರಿಸಿದ್ದೇ ಡೆವಲಪ್‌ಮೆಂಟ್ ಬೋರ್ಡು, ಅಂದರೆ ಅಭ್ಯಾಸದ ಹಲಗೆ. ಮಕ್ಕಳು ಹೆಚ್ಚಾಗಿ ಬಳಸುವ ಆರ್ಡುಯಿನೊ ಊನೊ ಎಂಬ ಹಲಗೆಯನ್ನೇ ನೋಡಿರಿ. ಅದರ ಮೂರನೆಯ ರೂಪದಲ್ಲಿರುವ ಚೂರಿನ ಹೆಸರು ಎಟಿಮೆಗಾ 328ಪಿ. ಅದು ಒಂದು ಸೆಕೆಂಡಿಗೆ 1 ಕೋಟಿ 60 ಲಕ್ಷ ಬಡಿತಗಳ ಗಡಿಯಾರದಿಂದ ನಡೆಯುವದು. ಅಪ್ಪಣೆಗಳನ್ನು ಬರೆದಿಡಲು 32 ಕಿಲೋಬೈಟು, ಲೆಕ್ಕ ಮಾಡುವಾಗ ಬಳಸಲು ಕೇವಲ 2 ಕಿಲೋಬೈಟು ಸ್ಥಳವುಂಟು. ಕೈಯಲ್ಲಿಯ ಮೊಬೈಲಿನೊಡನೆ ಹೋಲಿಸಿದರೆ ಇದು ಸಮುದ್ರದ ಮುಂದೆ ಒಂದು ಬೊಗಸೆ ನೀರು. ಆದರೂ ಒಂದು ಗಂಟೆಯನ್ನು ಬಾರಿಸಲು, ಒಂದು ದೀಪವನ್ನು ಹೊತ್ತಿಸಲು, ಮಣ್ಣಿನ ತೇವವನ್ನು ಅಳೆಯಲು ಇಷ್ಟೇ ಸಾಕು. ಅದರಲ್ಲಿ ಬರುವದಕ್ಕೂ ಹೋಗುವದಕ್ಕೂ 14 ಕಿಂಡಿಗಳು, ಹೆಚ್ಚು ಕಡಿಮೆಯನ್ನು ಅಳೆಯುವದಕ್ಕೆ ಬೇರೆ 6 ಕಿಂಡಿಗಳು ಇರುವವು.

ಈ ಹಲಗೆಯು 2005ರಲ್ಲಿ ಇಟಲಿ ದೇಶದ ಇವ್ರೇಯಾ ಎಂಬ ಊರಿನಲ್ಲಿ ಹುಟ್ಟಿತು. ಅಲ್ಲಿಯ ವಿನ್ಯಾಸ ವಿದ್ಯಾಲಯದಲ್ಲಿ ಕಲಿಸುತ್ತಿದ್ದ ಮಾಸಿಮೊ ಬಾಂಜಿ ಮೊದಲಾದವರು, ಇಂಜಿನಿಯರರಲ್ಲದ ತಮ್ಮ ವಿದ್ಯಾರ್ಥಿಗಳಿಗೂ ನಿಲುಕುವಂಥ ಅಗ್ಗದ ಸಾಧನವೊಂದು ಬೇಕೆಂದು ಅದನ್ನು ರೂಪಿಸಿದರು. ಆ ಊರಿನ ಪಾನಗೃಹವೊಂದಕ್ಕೆ ಪೂರ್ವದ ಅರ್ಡುಯಿನ್ ಎಂಬ ಅರಸನ ಹೆಸರಿತ್ತು. ಅದೇ ಹೆಸರು ಹಲಗೆಗೂ ಬಂದಿತು. ಅದರ ನಕಾಶೆಯನ್ನು ಅವರು ಗುಟ್ಟಾಗಿಡದೆ ಎಲ್ಲರಿಗೂ ತೆರೆದಿಟ್ಟರು. ಆದ್ದರಿಂದ ಅದೇ ನಕಾಶೆಯಂತೆ ಬೇರೆಯವರು ಮಾಡಿದ ಅಗ್ಗದ ಹಲಗೆಗಳೂ ಪೇಟೆಯಲ್ಲಿ ಬಹಳ. ಅವು ಕಳ್ಳಮಾಲೇನೂ ಅಲ್ಲ. ಅಭ್ಯಾಸಕ್ಕೆ ಚೆನ್ನಾಗಿ ಒದಗುವವು. ಆದರೆ ಅವುಗಳಲ್ಲಿ ಒಂದು ಸಣ್ಣ ಭೇದವುಂಟು. ಅದನ್ನು ಮುಂದೆ ಹೇಳುವೆವು.

ಗರಗದ ಮಗ್ಗದಿಂದ ಒಂದು ಪಾಠ

ಗರಗದವರಿಗೆ ಈ ವಿದ್ಯೆಯನ್ನು ತಿಳಿಸಲು ದೂರದ ದೃಷ್ಟಾಂತವು ಬೇಡ. 1954ರಲ್ಲಿ ಸ್ಥಾಪಿತವಾದ ಗರಗ ಕ್ಷೇತ್ರೀಯ ಸೇವಾ ಸಂಘದಲ್ಲಿ ರಾಷ್ಟ್ರಧ್ವಜದ ಖಾದಿ ಬಟ್ಟೆಯನ್ನು ನೇಯ್ದದ್ದರಿಂದ ಆ ಊರಿನ ಹೆಸರು ದೇಶದಲ್ಲೆಲ್ಲ ಹರಡಿರುವದು. ಧ್ವಜದ ಬಟ್ಟೆಯೆಂದರೆ ಬಂದಂತೆ ನೇಯುವ ಬಟ್ಟೆಯಲ್ಲ. ನೂಲು ಹೇಗಿರಬೇಕು, ನೇಯ್ಗೆಯು ಎಷ್ಟು ಒತ್ತಾಗಿರಬೇಕು, ಎಷ್ಟು ಎಳೆತವನ್ನು ತಾಳಬೇಕು ಎಂಬದೆಲ್ಲವೂ ಮಾನಕದಲ್ಲಿ ಮೊದಲೇ ಗೊತ್ತುಮಾಡಿದ್ದು. ನೇಕಾರನು ಲಾಳಿಯನ್ನು ಕೈಗೆತ್ತಿಕೊಳ್ಳುವ ಮುಂಚೆ ಹಾಸನ್ನು ಹೂಡುವನು. ಎಳೆಗಳನ್ನು ಎಣಿಸಿ, ಹಣಿಗೆಯಲ್ಲಿ ಒಂದೊಂದಾಗಿ ಏರಿಸಿ, ಬಿಗಿಯನ್ನು ಸರಿನೋಡಿ, ಅನಂತರವೇ ಹೊಕ್ಕನ್ನು ಓಡಿಸುವನು. ಹೊಕ್ಕಿನಲ್ಲಿ ತಪ್ಪಿದರೆ ನಾಲ್ಕು ಎಳೆ ಬಿಚ್ಚಿ ತಿದ್ದಬಹುದು. ಹಾಸಿನಲ್ಲಿ ಒಂದೆಳೆ ತಪ್ಪಿದರೆ ಆ ತಪ್ಪು ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೂ ಗೆರೆಯಾಗಿ ನಡೆಯುವದು. ಲಾಳಿಯನ್ನು ಎಷ್ಟು ಜಾಣತನದಿಂದ ಓಡಿಸಿದರೂ ಅದು ಮುಚ್ಚದು.

ಹಲಗೆಯ ಕೆಲಸದಲ್ಲಿಯೂ ಹಾಸು ಬೇರೆ, ಹೊಕ್ಕು ಬೇರೆ. ಹಲಗೆಗೆ ನಾವು ಬರೆದು ಕೊಡುವ ಅಪ್ಪಣೆಗಳ ಮಾಲೆ, ಅಂದರೆ ಪ್ರೋಗ್ರಾಮು, ಹೊಕ್ಕಿದ್ದಂತೆ. ಹಲಗೆಯ ಜಾತಿ ಯಾವದು, ಅದು ಗಣಕದ ಯಾವ ಬಾಗಿಲಿಗೆ ಜೋಡಿಸಿದೆ, ಅದರ ಗಡಿಯಾರದ ವೇಗವೆಷ್ಟು, ಯಾವ ಕಿಂಡಿಯಿಂದ ಸುದ್ದಿ ಬರಬೇಕು, ಯಾವ ಕಿಂಡಿಯಿಂದ ಅಪ್ಪಣೆ ಹೋಗಬೇಕು ಎಂಬ ಮೊದಲಿನ ಏರ್ಪಾಡು ಹಾಸಿದ್ದಂತೆ. ಇದಕ್ಕೆ ಕಾನ್ಫಿಗರೇಶನ್ ಎನ್ನುವರು. ಹೊಸಬರಲ್ಲಿ ಬಹಳ ಮಂದಿ ಹೊಕ್ಕಿನ ಮೇಲೆಯೇ ದೃಷ್ಟಿಯನ್ನಿಟ್ಟು ಹಾಸನ್ನು ಮರೆಯುವರು. ಪ್ರೋಗ್ರಾಮಿನ ಒಂದೊಂದು ಅಕ್ಷರವನ್ನೂ ಹತ್ತು ಸಲ ತಿದ್ದುವರು. ತಪ್ಪಾದರೋ ಬೇರೆ ಕಡೆಯಲ್ಲಿರುವದು. ಗರಗದ ಹುಡುಗಿಯ ಮೂರು ದಿನಗಳೂ ಹೀಗೆಯೇ ಕಳೆದಿರಬೇಕೆಂದು ಪತ್ರದಿಂದ ತೋರುವದು.

ಹಲಗೆಯು ಮಾತು ಕೇಳದಿದ್ದರೆ

ಹಲಗೆಯು ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಈ ಕೆಳಗಿನ ಸಂಗತಿಗಳನ್ನು ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸತಕ್ಕದ್ದು.

ಮೊದಲನೆಯದಾಗಿ ಕೇಬಲನ್ನು ನೋಡಿರಿ. ಇದು ಎಲ್ಲಕ್ಕಿಂತ ಸಾಮಾನ್ಯವಾದ ತೊಡಕು. ಮೊಬೈಲಿಗೆ ವಿದ್ಯುತ್ತು ತುಂಬಲೆಂದು ಮಾಡಿದ ಕೆಲವು ಅಗ್ಗದ ಯುಎಸ್‌ಬಿ ಕೇಬಲುಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇರುವವು. ಸುದ್ದಿಯನ್ನು ಒಯ್ಯುವ ಎರಡು ತಂತಿಗಳು ಇರುವದಿಲ್ಲ. ಅಂಥ ಕೇಬಲಿನಿಂದ ಹಲಗೆಯ ಮೇಲಣ ದೀಪವು ಹೊತ್ತುವದು, ಗಣಕಕ್ಕೆ ಮಾತ್ರ ಹಲಗೆಯು ಬಂದದ್ದೇ ತಿಳಿಯದು. ಆ ಕೇಬಲಿನಿಂದ ಒಂದು ಮೊಬೈಲನ್ನು ಜೋಡಿಸಿ, ಅದರೊಳಗಿನ ಚಿತ್ರಗಳು ಗಣಕದಲ್ಲಿ ಕಾಣುವವೋ ಇಲ್ಲವೋ ನೋಡಿದರೆ ಕೇಬಲಿನ ಪರೀಕ್ಷೆಯಾಗುವದು.

ಎರಡನೆಯದಾಗಿ ಡ್ರೈವರ್ ಎಂಬ ದುಭಾಷಿಯನ್ನು ನೋಡಿರಿ. ಹಲಗೆಗೂ ಗಣಕಕ್ಕೂ ನಡುವೆ ಮಾತನ್ನು ದಾಟಿಸುವ ಒಂದು ಸಣ್ಣ ಚೂರು ಹಲಗೆಯ ಮೇಲಿರುವದು. ಮೂಲದ ಹಲಗೆಗಳಲ್ಲಿರುವ ಚೂರು ಬೇರೆ. ಅಗ್ಗದ ಅನೇಕ ಹಲಗೆಗಳಲ್ಲಿರುವ ಸಿಎಚ್ 340 ಎಂಬ ಚೂರು ಬೇರೆ. ಮೇಲೆ ಹೇಳಿದ ಸಣ್ಣ ಭೇದವು ಇದೇ. ಕೆಲವು ಗಣಕಗಳಲ್ಲಿ ಈ ಎರಡನೆಯದರ ಡ್ರೈವರನ್ನು ನಾವೇ ತಂದು ಹಾಕಬೇಕಾಗುವದು. ಲಿನಕ್ಸ್ ಇದ್ದ ಗಣಕದಲ್ಲಿ ಸಾಮಾನ್ಯವಾಗಿ ಡ್ರೈವರಿನ ತೊಂದರೆಯಿರದು. ಆದರೆ ಬಳಸುವವರ ಹೆಸರನ್ನು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿಸದಿದ್ದರೆ ಅಪ್ಪಣೆಯನ್ನು ಕಳಿಸುವ ಹಕ್ಕು ಸಿಗದೆ ಹೋಗಬಹುದು.

ಮೂರನೆಯದು ಹಲಗೆಯ ಜಾತಿ ಮತ್ತು ಬಾಗಿಲು. ಆರ್ಡುಯಿನೊ ಐಡಿಇ ಎಂಬದು ಪುಕ್ಕಟೆಯಾಗಿ ದೊರೆಯುವ ಬರೆವಣಿಗೆಯ ಸಾಧನ. ಅದರ ‘ಟೂಲ್ಸ್’ ಪಟ್ಟಿಯಲ್ಲಿ ‘ಬೋರ್ಡ್’ ಎಂಬಲ್ಲಿ ನಮ್ಮಲ್ಲಿರುವ ಹಲಗೆಯ ಹೆಸರನ್ನೂ, ‘ಪೋರ್ಟ್’ ಎಂಬಲ್ಲಿ ಅದು ಸೇರಿರುವ ಬಾಗಿಲನ್ನೂ ಆರಿಸಬೇಕು. ಬಾಗಿಲು ಯಾವದೆಂದು ತಿಳಿಯದಿದ್ದರೆ ಕೇಬಲನ್ನು ಕಿತ್ತು ಪಟ್ಟಿಯನ್ನು ನೋಡಿರಿ. ಮರಳಿ ಸಿಕ್ಕಿಸಿ ನೋಡಿರಿ. ಹೊಸದಾಗಿ ಬಂದ ಹೆಸರೇ ನಮ್ಮ ಹಲಗೆಯದು. ಊನೊದ ನಾಲ್ಕನೆಯ ರೂಪವು 2023ರಲ್ಲಿ ಬಂದಿರುವದು. ಹೊರಗಿನ ಆಕಾರವು ಮೂರನೆಯದರಂತಿದ್ದರೂ ಒಳಗಿನ ಚೂರು ಬೇರೆಯಾದ್ದರಿಂದ ಹೆಸರನ್ನು ಸರಿಯಾಗಿ ಆರಿಸಬೇಕು. ನ್ಯಾನೊ ಎಂಬ ಚಿಕ್ಕ ಹಲಗೆಯ ಅಗ್ಗದ ಪ್ರತಿಗಳಲ್ಲಿ ಮತ್ತೊಂದು ಬಿಕ್ಕಟ್ಟುಂಟು: ಅವುಗಳಲ್ಲಿ ಅನೇಕಕ್ಕೆ ‘ಪ್ರೊಸೆಸರ್’ ಎಂಬಲ್ಲಿ ‘ಓಲ್ಡ್ ಬೂಟ್‌ಲೋಡರ್’ ಎಂದು ಆರಿಸಿದ ಹೊರತು ಪ್ರೋಗ್ರಾಮು ಒಳಗೆ ಹೋಗದು. ಹಲಗೆಯೊಂದು ವೇಗದಲ್ಲಿ, ಗಣಕವೊಂದು ವೇಗದಲ್ಲಿ ಮಾತನಾಡುವದೇ ಇದರ ಕಾರಣ.

ನಾಲ್ಕನೆಯದಾಗಿ, 0 ಮತ್ತು 1 ಎಂಬ ಗುರುತಿನ ಕಿಂಡಿಗಳಲ್ಲಿ ಏನನ್ನಾದರೂ ಸಿಕ್ಕಿಸಿದ್ದರೆ ಅದನ್ನು ತೆಗೆಯಿರಿ. ಊನೊದ ಮೂರನೆಯ ರೂಪದಲ್ಲಿ ಗಣಕದೊಡನೆ ಮಾತು ನಡೆಯುವದು ಅದೇ ದಾರಿಯಿಂದ. ದಾರಿಯಲ್ಲಿ ಬಂಡಿಯನ್ನು ನಿಲ್ಲಿಸಿ ಅಂಚೆಯವನು ಬರಲಿಲ್ಲವೆಂದರೆ ಹೇಗೆ?

ಈ ನಾಲ್ಕೂ ಸರಿಯಾಗಿದ್ದು ಇನ್ನೂ ಕೆಲಸ ನಡೆಯದಿದ್ದರೆ ಮಾತ್ರ ಹಲಗೆಯ ಮೇಲೆ ಸಂಶಯಪಡಬೇಕು. ಗರಗದ ತಾಯಿಯವರಿಗೆ ನಮ್ಮ ಸೂಚನೆಯೇನಂದರೆ, ಮಗಳಿಗೆ ಏನನ್ನೂ ಅನ್ನುವದಕ್ಕೆ ಮುಂಚೆ ಬೇರೊಂದು ಕೇಬಲನ್ನು ಎರವಲು ತಂದು ನೋಡಿರಿ.

ಗಡಿಯಾರದ ಮಾತು

ಹಾಸಿನ ತಪ್ಪು ಎಷ್ಟು ವಿಚಿತ್ರವಾಗಿ ತೋರಬಹುದೆಂಬದಕ್ಕೆ ಒಂದು ಉದಾಹರಣೆಯನ್ನು ಕೊಡುವೆವು. ಅದೇ ಎಟಿಮೆಗಾ 328ಪಿ ಚೂರನ್ನು ಹಲಗೆಯಿಲ್ಲದೆ ಬಿಡಿಯಾಗಿ ಕೊಂಡರೆ, ಕಾರಖಾನೆಯಿಂದ ಬರುವಾಗ ಅದರ ಗಡಿಯಾರವು ಸೆಕೆಂಡಿಗೆ 10 ಲಕ್ಷ ಬಡಿತಗಳಿಗೆ ಗೊತ್ತಾಗಿರುವದು. ಊನೊ ಹಲಗೆಯ ಮೇಲಣ ವೇಗವು ಇದರ 16 ಪಟ್ಟು. ಹಲಗೆಗೆಂದು ಬರೆದ ಪ್ರೋಗ್ರಾಮನ್ನು ಆ ಬಿಡಿಯ ಚೂರಿಗೆ ಹಾಗೆಯೇ ಹಾಕಿದರೆ, ಒಂದು ಸೆಕೆಂಡು ಹೊತ್ತಬೇಕಾದ ದೀಪವು 16 ಸೆಕೆಂಡು ಹೊತ್ತಿ ನಿಲ್ಲುವದು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ತಪ್ಪಿಲ್ಲ! ಫ್ಯೂಸ್ ಎಂದು ಕರೆಯಲ್ಪಡುವ ಕೆಲವು ಗುರುತುಗಳನ್ನು ಬದಲಿಸಿ ಗಡಿಯಾರವನ್ನು ಸರಿಪಡಿಸಿದೊಡನೆ ದೀಪವು ಸರಿಯಾಗಿ ಮಿನುಗುವದು.

ಮುಂದೆ ದೊಡ್ಡ ಹಲಗೆಗಳಿಗೆ ಹೋದಂತೆ ಇಂಥ ಗೊತ್ತುವಳಿಗಳು ನೂರಾರು ಆಗುವವು. ಅವನ್ನು ನೆನಪಿನಲ್ಲಿಡುವದು ಅಸಾಧ್ಯವಾದ್ದರಿಂದ ಅದಕ್ಕೆಂದೇ ಬೇರೆ ಸಾಧನಗಳನ್ನು ಮಾಡಿರುವರು. ಎಸ್‌ಟಿಎಂ 32 ಎಂಬ ಜಾತಿಗೆ ಕ್ಯೂಬ್‌ಎಂಎಕ್ಸ್ ಎಂಬ ಸಾಧನವುಂಟು. ಅದರಲ್ಲಿ ಚೂರಿನ ಚಿತ್ರವೇ ಪರದೆಯ ಮೇಲೆ ಮೂಡುವದು. ಒಂದೊಂದು ಕಾಲಿಗೆ ಒಂದೊಂದು ಕೆಲಸವನ್ನು ಒತ್ತಿ ಆರಿಸಿದರೆ ಮೊದಲಿನ ಏರ್ಪಾಡಿನ ಬರೆಹವನ್ನು ಅದೇ ಬರೆದುಕೊಡುವದು. ಇಎಸ್‌ಪಿ 32 ಜಾತಿಗೆ ‘ಮೆನುಕಾನ್ಫಿಗ್’ ಎಂಬ ಪಟ್ಟಿಯುಂಟು. ಇವು ಮುಂದಿನ ಇಯತ್ತೆಯ ಪಾಠಗಳು. ಮೊದಲ ವರ್ಷದವರು ಹೆದರಬೇಕಾದ್ದಿಲ್ಲ. ಆದರೆ ಒಂದು ರೂಢಿಯನ್ನು ಮೊದಲ ದಿನದಿಂದಲೇ ಹಿಡಿಯಬೇಕು. ಒಂದು ವಹಿಯಲ್ಲಿ ಹಲಗೆಯ ಹೆಸರು, ಆರಿಸಿದ ಬಾಗಿಲು, ಯಾವ ಕಿಂಡಿಗೆ ಯಾವ ತಂತಿ ಎಂಬದನ್ನು ತಾರೀಖು ಹಾಕಿ ಬರೆದಿಡಬೇಕು. ಒಳ್ಳೆಯ ಗೃಹಿಣಿಯು ಮನೆವಾರ್ತೆಯ ಲೆಕ್ಕವನ್ನು ಬರೆದಿಡುವಂತೆಯೇ ಇದೂ. ನಿನ್ನೆ ನಡೆದ ಕೆಲಸವು ಇಂದು ನಿಂತಾಗ ಆ ವಹಿಯೇ ಗುರು.

ಮೊದಲ ವಾರದ ಅಭ್ಯಾಸ

ಮೊದಲ ದಿನ ಯಾವ ತಂತಿಯನ್ನೂ ಜೋಡಿಸಬೇಡಿರಿ. ಊನೊದಲ್ಲಿ 13ನೆಯ ಕಿಂಡಿಗೆ ಸೇರಿದ ಒಂದು ಸಣ್ಣ ದೀಪವು ಹಲಗೆಯ ಮೇಲೆಯೇ ಇರುವದು. ಐಡಿಇಯ ಉದಾಹರಣೆಗಳಲ್ಲಿ ‘ಬ್ಲಿಂಕ್’ ಎಂಬದನ್ನು ತೆರೆದು ಹಲಗೆಗೆ ಕಳಿಸಿದರೆ ಆ ದೀಪವು ಒಂದು ಸೆಕೆಂಡು ಹೊತ್ತಿ ಒಂದು ಸೆಕೆಂಡು ಆರುತ್ತಿರುವದು. ಆ ಬರೆಹದಲ್ಲಿ ಎರಡು ಭಾಗಗಳುಂಟು: ‘ಸೆಟಪ್’ ಎಂಬದು ಒಮ್ಮೆ ಮಾತ್ರ ನಡೆಯುವದು, ‘ಲೂಪ್’ ಎಂಬದು ಮರಳಿ ಮರಳಿ ನಡೆಯುತ್ತಲೇ ಇರುವದು. ಇಲ್ಲಿಯೂ ಹಾಸು ಮತ್ತು ಹೊಕ್ಕು! ಒಂದು ಸೆಕೆಂಡಿಗೆ ಅದರಲ್ಲಿ 1000 ಎಂದು ಬರೆದಿರುವದು. ಅದನ್ನು 200 ಎಂದು ತಿದ್ದಿ ಮರಳಿ ಕಳಿಸಿ ನೋಡಿರಿ. ತನ್ನ ಮಾತಿನಂತೆ ಯಂತ್ರವು ನಡೆದದ್ದನ್ನು ಕಂಡ ಮಗುವಿನ ಮುಖವನ್ನು ತಂದೆತಾಯಿಗಳು ಅವಶ್ಯವಾಗಿ ನೋಡತಕ್ಕದ್ದು.

ಎರಡನೆಯ ದಿನ ಹೊರಗಿನ ಒಂದು ಎಲ್‌ಇಡಿ ದೀಪವನ್ನು ಜೋಡಿಸಬಹುದು. ಅದಕ್ಕೆ ಒಂದು ರೋಧಕವು ಜೊತೆಗಿರಲೇಬೇಕು. ಏಕಂದರೆ ಕಿಂಡಿಯಲ್ಲಿ 5 ವೋಲ್ಟ್ ಬರುವದು. ಕೆಂಪು ದೀಪವು ಸುಮಾರು 2 ವೋಲ್ಟನ್ನು ತೆಗೆದುಕೊಳ್ಳುವದು. ಉಳಿದ 3 ವೋಲ್ಟನ್ನು ರೋಧಕವು ಹೊರಬೇಕು. 220 ಓಮ್ ರೋಧಕವನ್ನು ಹಾಕಿದರೆ 3ನ್ನು 220ರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚು ಕಡಿಮೆ 14 ಮಿಲಿ ಆಂಪಿಯರ್ ಪ್ರವಾಹವು ಹರಿಯುವದು. ಈ ಹಲಗೆಯ ಒಂದು ಕಿಂಡಿಯಿಂದ 20 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯದಿರುವದು ಕ್ಷೇಮ. 220 ಓಮ್ ರೋಧಕದ ಮೇಲಣ ಪಟ್ಟೆಗಳು ಕೆಂಪು, ಕೆಂಪು, ಕಂದು. ದೀಪದ ಉದ್ದನೆಯ ಕಾಲು ಧನದ ಕಡೆಗೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಓಮನ ನಿಯಮವು ಇಲ್ಲಿ ಕೈಗೆ ಬರುವದು.

ವಾರದ ಕೊನೆಗೆ ಮನೆಗೆ ಉಪಯೋಗವಾಗುವ ಕೆಲಸವೊಂದನ್ನು ಮಾಡಲಿ. ನಳದ ನೀರು ಕೆಲವು ದಿನಗಳಿಗೊಮ್ಮೆ ಬರುವ ಊರುಗಳಲ್ಲಿ ಮಾಳಿಗೆಯ ಮೇಲಣ ತೊಟ್ಟಿಯು ತುಂಬಿ ಹರಿದುಹೋಗುವದು ದೊಡ್ಡ ನಷ್ಟ. ತೊಟ್ಟಿಯಲ್ಲಿ ತೇಲುವ ಫ್ಲೋಟ್ ಸ್ವಿಚ್ಚನ್ನು ಇಳಿಬಿಟ್ಟು, ಅದರ ಒಂದು ತಂತಿಯನ್ನು ಹಲಗೆಯ ‘ಗ್ರೌಂಡ್’ ಕಿಂಡಿಗೂ ಮತ್ತೊಂದನ್ನು 2ನೆಯ ಕಿಂಡಿಗೂ ಸೇರಿಸಿ, 8ನೆಯ ಕಿಂಡಿಗೂ ಗ್ರೌಂಡಿಗೂ ನಡುವೆ 20 ಮಿಲಿ ಆಂಪಿಯರಿಗಿಂತ ಕಡಿಮೆ ಎಳೆಯುವ 5 ವೋಲ್ಟಿನ ಸಣ್ಣ ಬಜರನ್ನು ಹಾಕಿದರೆ ತೊಟ್ಟಿ ತುಂಬಿದೊಡನೆ ಗಂಟೆಯು ಬಾರಿಸುವದು. ಇಲ್ಲಿ ಹಾಸಿನ ಮಾತೊಂದುಂಟು. 2ನೆಯ ಕಿಂಡಿಯನ್ನು ‘ಇನ್‌ಪುಟ್ ಪುಲ್‌ಅಪ್’ ಎಂದೇ ಗೊತ್ತುಮಾಡಬೇಕು. ಬರಿಯ ‘ಇನ್‌ಪುಟ್’ ಎಂದರೆ ಸಾಲದು. ಹಾಗೆ ಮಾಡದಿದ್ದರೆ ಸ್ವಿಚ್ಚು ತೆರೆದಿರುವಾಗ ಆ ಕಿಂಡಿಗೆ ಯಾವ ಆಧಾರವೂ ಇರದೆ, ಸುತ್ತಲಿನ ಸಣ್ಣ ವಿದ್ಯುತ್ ಕಂಪಗಳಿಂದ ಒಮ್ಮೆ ಹೌದು, ಒಮ್ಮೆ ಅಲ್ಲ ಎನ್ನುತ್ತ ನಡುರಾತ್ರಿಯಲ್ಲಿ ಸುಮ್ಮಸುಮ್ಮನೆ ಗಂಟೆಯಾದೀತು. ಪುಲ್‌ಅಪ್ ಎಂದು ಹೇಳಿದರೆ ಸ್ವಿಚ್ಚು ತೆರೆದಾಗ ‘ಹೈ’, ಕೂಡಿದಾಗ ‘ಲೋ’ ಎಂದು ಹಲಗೆಯು ನಿಶ್ಚಿತವಾಗಿ ಓದುವದು. ಇಡಿಯ ಕೆಲಸವು ಮೊಬೈಲ್ ಚಾರ್ಜರಿನ 5 ವೋಲ್ಟಿನಲ್ಲಿಯೇ ನಡೆಯುವದು.

ಹೊಲದ ಪಂಪಿನ ವಿಚಾರ

ಇನ್ನು ಕಾಕಾ ಅವರ ಹುರುಪಿಗೆ ಬರೋಣ. ಇಲ್ಲಿ ನಾವು ಸ್ಪಷ್ಟವಾಗಿ ಬೇಡವೆಂದು ಹೇಳುವೆವು. ಹಲಗೆಯ 5 ವೋಲ್ಟ್ ಮುಟ್ಟಿದರೆ ಏನೂ ಆಗದು. ಮನೆಯ 230 ವೋಲ್ಟ್ ಪ್ರಾಣವನ್ನು ತೆಗೆಯಬಲ್ಲದು. ಪಂಪಿನ ಮೂರು ಫೇಜುಗಳ ನಡುವಣ ಒತ್ತಡವು 400 ವೋಲ್ಟಿಗೂ ಮೇಲೆ. ಒದ್ದೆ ನೆಲದಲ್ಲಿ, ತಗಡಿನ ಪೆಟ್ಟಿಗೆಯ ಮುಂದೆ, ಒಂಬತ್ತನೆಯ ಇಯತ್ತೆಯ ಹುಡುಗಿಯ ಪ್ರಯೋಗಕ್ಕೆ ಅದು ಸ್ಥಳವಲ್ಲ. ಅಪಾಯವು ಜೀವಕ್ಕೆ ಮಾತ್ರವೂ ಅಲ್ಲ. ಮೂರರಲ್ಲಿ ಒಂದು ಫೇಜು ಬಾರದಿರುವಾಗ ಮೋಟಾರನ್ನು ನಡೆಸಿದರೆ ಅದರ ಸುರುಳಿಯು ಸುಟ್ಟುಹೋಗುವದು. ಬಾವಿಯಲ್ಲಿ ನೀರಿಲ್ಲದೆ ನಡೆದರೆ ಪಂಪು ಕೆಡುವದು. ಇವೆರಡನ್ನೂ ನೋಡಿಕೊಂಡು ಪಂಪನ್ನು ತಾನಾಗಿ ಅಥವಾ ಮೊಬೈಲಿನ ಕರೆಯಿಂದ ನಡೆಸುವ ಸಿದ್ಧ ಸ್ಟಾರ್ಟರುಗಳು ಪೇಟೆಯಲ್ಲಿ ದೊರೆಯುವವು. ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ಅಂಥದೊಂದನ್ನು ಹಾಕಿಸುವದೇ ತಂದೆಯವರ ರಾತ್ರಿಯ ಪ್ರಯಾಣವನ್ನು ತಪ್ಪಿಸಲು ಸರಿಯಾದ ದಾರಿ. ಮಗಳ ಹಂಬಲವು ನಿಜವಾದದ್ದು. ಅದರ ಉತ್ತರವು ಮಾತ್ರ ಈ ಹಲಗೆಯಲ್ಲಿಲ್ಲ. ಇದನ್ನು ಅವಳಿಗೆ ಗದರಿಸದೆ, ಕಾರಣಗಳನ್ನು ಬಿಡಿಸಿ ಹೇಳತಕ್ಕದ್ದು.

ಹಾಗೆಂದು ಹೊಲದಲ್ಲಿ ಅವಳಿಗೆ ಕೆಲಸವಿಲ್ಲವೆಂದಲ್ಲ. ಕೈಹಾಕುವ ಕೆಲಸ ಬೇಡ, ನೋಡಿ ತಿಳಿಸುವ ಕೆಲಸ ಬೇಕಷ್ಟಿರುವದು. ಮಣ್ಣಿನ ತೇವವನ್ನು ಅಳೆಯುವ ಸಂವೇದಕವನ್ನು ಹಲಗೆಯ ಅಳತೆಯ ಕಿಂಡಿಗೆ ಸೇರಿಸಿದರೆ 0ಯಿಂದ 1023ರೊಳಗಿನ ಒಂದು ಸಂಖ್ಯೆಯು ಬರುವದು. ಎರಡು ಬರಿಗಾಲುಗಳ ಅಗ್ಗದ ಸಂವೇದಕವು ಮಣ್ಣಿನಲ್ಲಿ ಬೇಗ ಸವೆಯುವದು. ಕೆಪ್ಯಾಸಿಟಿವ್ ಎಂಬ ಜಾತಿಯದು ಹೆಚ್ಚು ಬಾಳುವದು. ಬಂದ ಸಂಖ್ಯೆಗೆ ಸ್ವತಃ ಅರ್ಥವಿಲ್ಲವೆಂಬದು ನೆನಪಿರಲಿ. ಎರೆಮಣ್ಣಿನ ಓದು ಬೇರೆ, ಮಸಾರಿ ಮಣ್ಣಿನ ಓದು ಬೇರೆ. ತಮ್ಮ ಹೊಲದ ಮಣ್ಣನ್ನೇ ಒಂದು ಡಬ್ಬಿಯಲ್ಲಿ ಒಣಗಿಸಿ ಓದಬೇಕು. ಅದನ್ನೇ ತೋಯಿಸಿ ಓದಬೇಕು. ಎರಡನ್ನೂ ವಹಿಯಲ್ಲಿ ಬರೆದುಕೊಳ್ಳಬೇಕು. ಆ ಮೇಲೆ ತಂದೆಯು ಕೈಯಿಂದ ಮಣ್ಣನ್ನು ಹಿಸುಕಿ ‘ಇನ್ನು ನೀರು ಬೇಕು’ ಎಂದ ದಿನದ ಸಂಖ್ಯೆಯನ್ನು ಮಗಳು ಗುರುತಿಸಿಕೊಂಡರೆ, ತಂದೆಯ ಅನುಭವವೇ ಹಲಗೆಗೆ ಪಾಠವಾಗುವದು. ಇಂದು ನೀರು ಬೇಡವೆಂದು ಆ ಸಂಖ್ಯೆಯು ಹೇಳಿದ ರಾತ್ರಿ ತಂದೆಯು ಹೊಲಕ್ಕೆ ಹೋಗಬೇಕಾದ ಕಾರಣವೂ ಇರದು. ಅವಳ ಹಂಬಲಕ್ಕೆ ಇಷ್ಟು ಫಲವನ್ನು ಹಲಗೆಯು ನಿರಪಾಯವಾಗಿ ಕೊಡಬಲ್ಲದು.

ಯಾವ ಹಲಗೆ ಕೊಳ್ಳಬೇಕು?

ಇನ್ನೂ ಕೊಳ್ಳದಿರುವ ಮನೆಯವರಿಗೆ ನಾಲ್ಕು ಮಾತು. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮೈಕ್ರೋಬಿಟ್ ಎಂಬ ಹಲಗೆಯು ಅನುಕೂಲ. ಬ್ರಿಟನ್ನಿನಲ್ಲಿ 2016ರಲ್ಲಿ ಶಾಲೆಯ ಮಕ್ಕಳಿಗೆ ಹಂಚಲೆಂದೇ ಅದು ಸಿದ್ಧವಾಯಿತು. ಬಣ್ಣದ ತುಂಡುಗಳನ್ನು ಪರದೆಯ ಮೇಲೆ ಜೋಡಿಸಿಯೇ ಪ್ರೋಗ್ರಾಮು ಮಾಡಬಹುದು. ಪ್ರೌಢಶಾಲೆಯವರಿಗೆ ಊನೊ ಸಾಕು. 2021ರಲ್ಲಿ ಬಂದ ರಾಸ್ಬೆರಿ ಪೈ ಪಿಕೊ ಬಹಳ ಅಗ್ಗ. ಅದರ ಮೇಲಣ ಗುಂಡಿಯನ್ನು ಒತ್ತಿಹಿಡಿದು ಕೇಬಲನ್ನು ಸಿಕ್ಕಿಸಿದರೆ ಅದು ಪೆನ್‌ಡ್ರೈವಿನಂತೆ ಗಣಕದಲ್ಲಿ ಕಾಣಿಸಿಕೊಳ್ಳುವದು. ಪೈಥಾನ್ ಕಲಿಯುವವರಿಗೆ ಒಳ್ಳೆಯದು. ನಿಸ್ತಂತು ಸಂಪರ್ಕವು ಬೇಕಾದವರಿಗೆ ಇಎಸ್‌ಪಿ 32. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯವರು ವೇಗಾ ಎಂಬ ಸ್ವದೇಶೀ ಸಂಸ್ಕಾರಕಗಳನ್ನು ರೂಪಿಸಿ, ತೇಜಸ್ 32 ಎಂಬ ಚೂರುಳ್ಳ ಏರೀಸ್ ಹಲಗೆಗಳನ್ನು ಹೊರತಂದಿರುವರು. ಅವನ್ನೂ ಆರ್ಡುಯಿನೊದ ಸಾಧನದಿಂದಲೇ ನಡೆಸಬಹುದು. ಒಂದು ಎಚ್ಚರಿಕೆ: ಮೈಕ್ರೋಬಿಟ್, ಪಿಕೊ ಮತ್ತು ಇಎಸ್‌ಪಿ 32 ಹಲಗೆಗಳ ಕಿಂಡಿಗಳು 3.3 ವೋಲ್ಟಿನವು. ಊನೊದ 5 ವೋಲ್ಟನ್ನು ಅವುಗಳೊಳಗೆ ಬಿಟ್ಟರೆ ಚೂರು ಕೆಡಬಹುದು.

ಕೊಳ್ಳಲು ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. 2016ರಲ್ಲಿ ಪ್ರಾರಂಭವಾದ ಅಟಲ್ ಇನ್ನೋವೇಶನ್ ಮಿಶನ್ ಯೋಜನೆಯಂತೆ 6ರಿಂದ 12ನೆಯ ಇಯತ್ತೆಯವರೆಗಿನ ಮಕ್ಕಳಿಗಾಗಿ ದೇಶದ ಸಾವಿರಾರು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳಾಗಿವೆ. ಆಯ್ದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿದ್ದರು. ಮುಂದಿನ ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬುಗಳನ್ನು ಮಾಡುವದಾಗಿ 2025ರ ಕೇಂದ್ರ ಮುಂಗಡಪತ್ರದಲ್ಲಿ ಸಾರಿದರು. ತಮ್ಮ ಮಕ್ಕಳ ಶಾಲೆಯಲ್ಲಿ ಅದುಂಟೋ ಎಂದು ಪಾಲಕರು ವಿಚಾರಿಸಬೇಕು. ಇದ್ದರೆ ಅದರ ಕೋಣೆಗೆ ಬೀಗ ಬಿದ್ದಿರದಂತೆ ನೋಡಿಕೊಳ್ಳುವದೂ ಪಾಲಕರ ಕರ್ತವ್ಯವೇ ಸರಿ.

ಕೊನೆಯದಾಗಿ ಪ್ರಯೋಜನದ ಪ್ರಶ್ನೆ. ಹಲಗೆಯಿಂದ ನಾಳೆಯೇ ಮನೆಗೆ ಹಣ ಬಾರದು. ಪರೀಕ್ಷೆಯಲ್ಲಿ ಗುಣಗಳೂ ಹೆಚ್ಚಲಿಕ್ಕಿಲ್ಲ. ಆದರೆ ಕೆಲಸವು ಕೆಟ್ಟಾಗ ಅಳುವದರ ಬದಲಾಗಿ ಕಾರಣವನ್ನು ಒಂದೊಂದಾಗಿ ಹುಡುಕುವ ಅಭ್ಯಾಸ, ಅಳೆದು ಬರೆದಿಡುವ ಅಭ್ಯಾಸ, ಅಪಾಯದ ಗೆರೆಯನ್ನು ಅರಿತು ಅದರ ಈಚೆಗೆ ನಿಲ್ಲುವ ಅಭ್ಯಾಸ, ಇವು ಮೂರೂ ಅದರಿಂದ ಬರುವವು. ತಂದೆಯವರು ಹೋದ ಹಣದ ಚಿಂತೆಯನ್ನು ಬಿಟ್ಟು ಒಂದು ಸಾಯಂಕಾಲ ಮಗಳ ಪಕ್ಕದಲ್ಲಿ ಕುಳಿತು, ‘ಇದು ಏನು ಮಾಡತೈತಿ, ನನಗೂ ಹೇಳವ್ವಾ’ ಎಂದು ಕೇಳಲಿ. ತಾನು ಕಲಿತದ್ದನ್ನು ಹಿರಿಯರಿಗೆ ಬಿಡಿಸಿ ಹೇಳುವಾಗ ಮಕ್ಕಳಿಗೆ ಅದು ಎರಡನೆಯ ಸಲ ತಿಳಿಯುವದು, ಮೊದಲನೆಯ ಸಲಕ್ಕಿಂತ ಚೆನ್ನಾಗಿ ತಿಳಿಯುವದು.

ತೊಟ್ಟಿಯ ಗಂಟೆಯನ್ನು ಮಾಡಿನೋಡಿದ ಮನೆಯವರು ತಮ್ಮ ಅನುಭವವನ್ನು ಬರೆದು ತಿಳಿಸಬೇಕೆಂದು ವಿನಂತಿ. ಮುಂದಿನ ತಿಂಗಳ ಪುಟದಲ್ಲಿ ಮನೆಯ ವಿದ್ಯುತ್ ಮೀಟರನ್ನು ಓದುವ ಬಗೆಯನ್ನೂ ಯೂನಿಟಿನ ಲೆಕ್ಕವನ್ನೂ ವಿವರಿಸುವೆವು.